ಲಿನಕ್ಸಿನಲ್ಲಿ ಕನ್ನಡ ಬರಲ್ವಂತೆ!

ವಿಂಡೋಸಿನ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಏನಿದ್ದರೂ ಬೆಂಗಳೂರಿನ ಇಂಜಿನಿಯರುಗಳಿಗೆ, ದಬ್ಬೇಘಟ್ಟದಂಥ ಹೋಬಳಿಯಲ್ಲಿ ಅದನ್ನು ಕಟ್ಟಿಕೊಂಡು ಏನು ಮಾಡುತ್ತೀರಿ ಎನ್ನುವವರು ಬಹಳ. ಇದಕ್ಕೆ ಲಿನಕ್ಸ್ ಪರ ಇರುವವರ ಬಳಿ ಸಿದ್ಧ ಉತ್ತರವೊಂದಿದೆ: ತಿಪಟೂರು ಎಪಿಎಂಸಿಯ ಕೊಬ್ಬರಿ ಧಾರಣೆ ನೋಡುವ ರೈತನ ಆಂಡ್ರಾಯ್ಡ್ ಫೋನು ನಡೆಯುವುದೇ ಲಿನಕ್ಸ್ ಕರ್ನಲ್ ಮೇಲೆ. ನಿಜವೇ. ಆದರೆ ಫೋನಿನೊಳಗೆ ಏನಿರಬೇಕೆಂದು ಆ ರೈತನನ್ನು ಕೇಳಿದವರು ಯಾರು? ಮಾತಾಡಬೇಕಿರುವುದು ಟೈಪಿಂಗ್ ಅಂಗಡಿಯ, ಸಹಕಾರ ಸಂಘದ ಕಂಪ್ಯೂಟರಿನ ಬಗ್ಗೆ.

ಅಲ್ಲಿ ಅಡ್ಡ ಬಂದಿರುವುದು ನಾವೇ ಹಾಕಿಕೊಂಡ ಗಂಟು. ನುಡಿ ಎಂಬ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ನಡಾವಳಿಯೊಂದನ್ನು ಆ ಫಾಂಟಿಲ್ಲದ ಲಿನಕ್ಸ್ ಕಂಪ್ಯೂಟರಿನಲ್ಲಿ ತೆರೆಯಿರಿ. ‘ಕನ್ನಡ’ ಎಂದಿದ್ದ ಕಡೆ ಮೊದಲು ಇಂಗ್ಲಿಷಿನ ದೊಡ್ಡ ಪಿ, ಆಮೇಲೆ ನೆತ್ತಿಯ ಮೇಲೆ ಗೀಟಿರುವ ಎ, ಅದರ ಪಕ್ಕದಲ್ಲಿ ಬ್ರಿಟಿಷರ ಪೌಂಡ್ ಗುರುತು! ಫೈಲಿನಲ್ಲಿ ಕೂತಿರುವುದು ಲ್ಯಾಟಿನ್ ಸಂಕೇತಗಳು, ಅವಕ್ಕೆ ಕನ್ನಡದ ವೇಷ ಹಾಕುತ್ತಿದ್ದುದು ಫಾಂಟು. ಹೆಸರು ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಲು ಹೋದರೆ ಪಟ್ಟಿ ಕಲಸಿಹೋಗುತ್ತದೆ. ಇದನ್ನು ಕಂಡವರು ಲಿನಕ್ಸಿನಲ್ಲಿ ಕನ್ನಡ ಬರಲ್ಲ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ನುಡಿ ಹಾಕದ ವಿಂಡೋಸಿನಲ್ಲೂ ಅದೇ ಪೌಂಡ್ ಗುರುತು ಕಾಣುತ್ತದೆ ಎಂಬುದು ಆಗ ನೆನಪಿಗೆ ಬರುವುದಿಲ್ಲ.

ನುಡಿಯನ್ನು ಹಳಿಯುತ್ತಿಲ್ಲ. ಕನ್ನಡ ಗಣಕ ಪರಿಷತ್ತು (ಕಗಪ) ಅದನ್ನು ಸಿದ್ಧಪಡಿಸಿದ ಕಾಲಕ್ಕೆ, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಕೊಡುವ ಯೂನಿಕೋಡ್ ಜನರ ಕೈಗೆ ಎಟುಕಿರಲಿಲ್ಲ. ಈಗಿನ ನುಡಿಯಲ್ಲಿ ಯೂನಿಕೋಡ್ ಇದೆ. ಕೈರೂಢಿ ಮಾತ್ರ ಹಳೆಯದು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ಜಾಡಿನಲ್ಲೇ ಬಂದ ಕಗಪ ವಿನ್ಯಾಸ ಲಿನಕ್ಸಿನಲ್ಲೂ ಉಂಟು. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳಿವೆ. ಹಳೇ ಬರಹವನ್ನು ಯೂನಿಕೋಡಿಗೆ ತರಲು ಅರವಿಂದ ವಿ.ಕೆ. ಮಾಡಿದ ಪರಿವರ್ತಕವಿದೆ. ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಹೊಸ ಕಲಿಕೆ ಏನೂ ಹೆಚ್ಚಿಲ್ಲ.

ಸಾಮಾನ್ಯರ ಕೈಲಿ ಆಗದು ಎನ್ನುವವರು ಕಾಸರಗೋಡಿನ ಕಡೆ ನೋಡಲಿ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಕಂಪ್ಯೂಟರ್ (ಐಸಿಟಿ) ಪಠ್ಯವನ್ನು ಕನ್ನಡದಲ್ಲೇ ಓದಿ, ಅಲ್ಲಿನ ಸರ್ಕಾರದ ಕೈಟ್ ಸಂಸ್ಥೆಯ ಲಿನಕ್ಸಿನಲ್ಲಿ ಕೆಲಸ ಕಲಿಯುತ್ತಾರೆ. ನಮ್ಮ ಕಡೆಯ ಮಕ್ಕಳಿಗಿಂತ ಅವರೇನು ಬೇರೆ ಬುದ್ಧಿ ಹೊತ್ತು ಹುಟ್ಟಿದವರಲ್ಲ, ಅಲ್ಲಿನ ಸರ್ಕಾರ ಮನಸ್ಸು ಮಾಡಿತು, ಅಷ್ಟೆ.

ಹಾಗೆಂದು, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತಲ್ಲ, ಇನ್ನು ಹಳೇ ಮಷೀನಿಗೆಲ್ಲ ಲಿನಕ್ಸ್ ಹಾಕಿಬಿಡಿ ಎಂಬ ಉಪದೇಶವನ್ನೂ ಒಪ್ಪಲಾರೆ. ಟ್ಯಾಲಿಯಲ್ಲಿ ಲೆಕ್ಕ ಇಡುವ ಕೊಬ್ಬರಿ ಮಂಡಿ, ಪೇಜ್‌ಮೇಕರಿನಲ್ಲಿ ಲಗ್ನಪತ್ರಿಕೆ ಮಾಡುವ ಪ್ರೆಸ್ಸು ವಿಂಡೋಸನ್ನೇ ನೆಚ್ಚಿಕೊಂಡಿವೆ. ನಾಳೆಯೇ ಬಿಡಿ ಎಂದರೆ ಅವರ ವ್ಯವಹಾರ ನಿಲ್ಲುತ್ತದೆ. ಅರ್ಜಿ, ನಡಾವಳಿ, ಸದಸ್ಯರ ಪಟ್ಟಿಗೆ ಈ ನೆಪ ಸಲ್ಲದು. ಇರುವ ವಿಂಡೋಸಿನಲ್ಲೇ ಲಿಬ್ರೆಆಫೀಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿಕೊಂಡು, ಯೂನಿಕೋಡಿನಲ್ಲಿ ಟೈಪ್ ಮಾಡಿ, 2006ರಲ್ಲೇ ಐಎಸ್‌ಒ ಮಾನ್ಯತೆ ಪಡೆದ ಒಡಿಎಫ್ ಎಂಬ ಮುಕ್ತ ಕಡತ ರೂಪದಲ್ಲಿ ಉಳಿಸಬಹುದು. ಇ-ಆಡಳಿತಕ್ಕೆ ಮುಕ್ತ ಮಾನಕಗಳ ನೀತಿಯನ್ನು ಕೇಂದ್ರ ಸರ್ಕಾರ 2010ರಷ್ಟು ಹಿಂದೆಯೇ ತಂದಿತ್ತು. ಲಿನಕ್ಸಿನ ಮಾತು ಯೂನಿಕೋಡ್ ರೂಢಿಯಾದ ಮೇಲಿನದು.

ಉಳಿಯುವುದು ಹಳೇ ಫೈಲುಗಳ ರಾಶಿ. ಪರಿವರ್ತಿಸಿದ ಮೇಲೂ ಯಾರಾದರೂ ಕೂತು, ಒತ್ತಕ್ಷರ ಕೆಟ್ಟಿದೆಯೇ ಎಂದು ಸಾಲುಸಾಲಾಗಿ ನೋಡಬೇಕು. ತಂತ್ರಾಂಶ ಪುಕ್ಕಟೆಯಾದರೂ ಆ ಕೆಲಸ ಪುಕ್ಕಟೆ ಆಗುವುದಿಲ್ಲ. ಸಂಘದ ಬಜೆಟ್ಟಿನಲ್ಲಿ ಅದಕ್ಕೆ ಕೂಲಿ ಬರೆಯಬೇಕು.