ಎಂಜಿನ್ನಿಗೆ ಅಳತೆ, ಚಾಸಿಗೆ ಅಂದಾಜು

ಹಾವೇರಿ, ರಾಣೇಬೆನ್ನೂರು ಮತ್ತು ಬ್ಯಾಡಗಿಯಂಥ ಊರುಗಳ ಗ್ಯಾರೇಜುಗಳಲ್ಲಿ ನಟ್ಟು-ಬೋಲ್ಟು ಬಿಗಿಯುವ ಕೆಲಸ ಸಾಮಾನ್ಯವಾಗಿ ಎರಡು ನೀತಿಗಳ ಮೇಲೆ ನಡೆಯುತ್ತದೆ. ಎಂಜಿನ್ನಿನ ಸಿಲಿಂಡರ್ ಹೆಡ್ಡನ್ನು ಕೂರಿಸುವಾಗ ಮಿಸ್ತ್ರಿಯು ಕಪಾಟಿನಿಂದ ಟಾರ್ಕ್ ರೆಂಚ್ ತೆಗೆದು, ಕಂಪನಿ ಹೇಳಿದ ಅಂಕಿಗೆ ಅದನ್ನು ಹೊಂದಿಸಿ, ನಡುವಿನಿಂದ ಹೊರಗೆ ಕ್ರಮವಾಗಿ ಬಿಗಿಯುತ್ತಾನೆ. ಅದೇ ವಾಹನದ ಬಾಡಿಯನ್ನು ಚಾಸಿಗೆ ಕೂಡಿಸುವ ಬೋಲ್ಟುಗಳನ್ನೂ, ಹಿಂದಿನ ಆಕ್ಸಲನ್ನು ಸ್ಪ್ರಿಂಗ್ ಪ್ಲೇಟುಗಳಿಗೆ ಕಟ್ಟುವ ಯು-ಬೋಲ್ಟುಗಳನ್ನೂ ಕೈಯ ಅಂದಾಜಿಗೆ, ಇಲ್ಲವೇ ಏರ್ ಗನ್ನಿನ ಸದ್ದಿಗೆ ಬಿಡಲಾಗುತ್ತದೆ. ಹೆಡ್ ಬೋಲ್ಟಿನಲ್ಲಿ ತಪ್ಪಾದರೆ ಗ್ಯಾಸ್ಕೆಟ್ ಹೋಗಿ ವಾಹನ ಅಂದೇ ನಿಲ್ಲುತ್ತದೆ. ಚಾಸಿ ಬೋಲ್ಟಿನಲ್ಲಿ ತಪ್ಪಾದರೆ ಅದರ ಫಲ ಆರು ತಿಂಗಳ ನಂತರ, ಬೇರೊಂದು ಹೆಸರಿನ ದೋಷವಾಗಿ ಕಾಣಿಸಿಕೊಳ್ಳುತ್ತದೆ. ಅಳತೆ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿರುವುದಕ್ಕೆ ಕುಶಲತೆಯ ಕೊರತೆ ಕಾರಣವಲ್ಲ. ತಪ್ಪಿನ ಲೆಕ್ಕ ತಡವಾಗಿ ಬರುವುದೇ ಕಾರಣವೆಂಬುದನ್ನು ಮೊದಲಿಗೇ ಗುರುತಿಸಿಕೊಂಡರೆ ಈ ರೂಢಿಯ ವಿಮರ್ಶೆಗೆ ಸರಿಯಾದ ನೆಲೆ ದೊರೆಯುತ್ತದೆ.

ಈ ಭಾಗದಲ್ಲಿ ಬಿಗಿಯ ಅಳತೆಯ ಪ್ರಶ್ನೆಗೆ ಹೆಚ್ಚಿನ ತೂಕವಿರುವುದಕ್ಕೆ ಇಲ್ಲಿ ಓಡುವ ವಾಹನಗಳ ರಚನೆಯೂ ಕಾರಣ. ಇಂದಿನ ಬಹುಪಾಲು ಸಣ್ಣ ಕಾರುಗಳಲ್ಲಿ ಪ್ರತ್ಯೇಕ ಚಾಸಿಯೇ ಇರುವುದಿಲ್ಲ. ತಗಡಿನ ಬಾಡಿಯೇ ಬೆಸುಗೆಯಿಂದ ಒಂದಾಗಿ ಭಾರವನ್ನು ಹೊರುತ್ತದೆ, ಬೋಲ್ಟಿನ ಮಾತು ಬರುವುದು ಎಂಜಿನ್ ಮತ್ತು ಸಸ್ಪೆನ್ಷನ್ ಹೊತ್ತ ಅಡ್ಡತೊಲೆಗಳಲ್ಲಿ ಮಾತ್ರ. ಆದರೆ ಹಳ್ಳಿಗಳಿಂದ ತಾಲ್ಲೂಕು ಕೇಂದ್ರಕ್ಕೆ ಜನರನ್ನು ತರುವ ಕ್ರೂಸರ್, ಬೊಲೆರೊ, ಹಳೆಯ ಸುಮೊ ಮತ್ತು ಮಾಲು ಸಾಗಿಸುವ ಪಿಕಪ್‌ಗಳು ಏಣಿಯಾಕಾರದ ಚಾಸಿಯ ಮೇಲೆ ಬಾಡಿಯನ್ನು ಕೂರಿಸಿ, ನಡುವೆ ರಬ್ಬರ್ ಬುಷ್ ಇಟ್ಟು ಬೋಲ್ಟಿನಿಂದ ಕಟ್ಟಿದ ವಾಹನಗಳು. ರಾಷ್ಟ್ರೀಯ ಹೆದ್ದಾರಿ 48 ಹಾವೇರಿ, ಮೋಟೆಬೆನ್ನೂರು, ರಾಣೇಬೆನ್ನೂರುಗಳನ್ನು ಹಾದುಹೋಗುತ್ತದೆ. ಬ್ಯಾಡಗಿ ಮಾತ್ರ ಮೋಟೆಬೆನ್ನೂರಿನಿಂದ ಕೆಲವೇ ಕಿಲೋಮೀಟರ್ ಒಳಗಿದೆ. ಹೆದ್ದಾರಿಯ ವೇಗ ಮತ್ತು ಹೊಲದ ದಾರಿಯ ಕುಲುಕು, ಇವೆರಡನ್ನೂ ಒಂದೇ ದಿನ ಒಂದೇ ವಾಹನ ಅನುಭವಿಸುತ್ತದೆ. ಸಾಗುವ ಮಾಲಿನಲ್ಲೂ ಎರಡು ಗುಣಗಳಿವೆ. ಹಾವೇರಿ ಜಿಲ್ಲೆಯ ಮುಖ್ಯ ಬೆಳೆಯಾದ ಮೆಕ್ಕೆಜೋಳ ತೂಕದ ಮಾಲು. ಅದು ಪ್ಲೇಟುಗಳನ್ನೂ ಯು-ಬೋಲ್ಟುಗಳನ್ನೂ ನೇರವಾಗಿ ಪರೀಕ್ಷಿಸುತ್ತದೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಒಣಗಿದ ಮೇಲೆ ಗಾತ್ರಕ್ಕೆ ಹೋಲಿಸಿದರೆ ಹಗುರವಾದ್ದರಿಂದ ಚೀಲಗಳನ್ನು ಕ್ಯಾಬಿನ್ನಿಗಿಂತ ಎಷ್ಟೋ ಮೇಲಕ್ಕೆ ಒಟ್ಟಲಾಗುತ್ತದೆ. ಹಾಗೆ ಎತ್ತರಕ್ಕೆ ಏರಿದ ಲೋಡು ತಿರುವುಗಳಲ್ಲಿ ಅತ್ತಿತ್ತ ವಾಲುತ್ತ, ಬಾಡಿ ಮತ್ತು ಚಾಸಿಯ ನಡುವಿನ ಪ್ರತಿ ಬೋಲ್ಟನ್ನೂ ಅಡ್ಡಕ್ಕೆ ಎಳೆಯುತ್ತದೆ.

ಅಡ್ಡ ಎಳೆತದ ಮಹತ್ವ ತಿಳಿಯಬೇಕಾದರೆ ಬೋಲ್ಟು ಹೇಗೆ ಹಿಡಿಯುತ್ತದೆಂಬುದನ್ನು ನೋಡಬೇಕು. ಬಿಗಿದ ಬೋಲ್ಟು ತೂತಿನಲ್ಲಿ ಸಿಕ್ಕಿಸಿದ ಬರೀ ಗೂಟವಲ್ಲ. ನಟ್ಟು ತಿರುಗಿದಂತೆ ಅದು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ, ಮತ್ತು ಹಿಗ್ಗಿದ ಉಕ್ಕು ಮತ್ತೆ ಕುಗ್ಗಲು ಯತ್ನಿಸುವ ಬಲವೇ ಎರಡು ಲೋಹಗಳನ್ನು ಒತ್ತಿ ಹಿಡಿಯುತ್ತದೆ. ಇದನ್ನು ಹಿಡಿತದ ಬಲ ಎನ್ನಬಹುದು. ಟಾರ್ಕ್ ಅಂದರೆ ತಿರುಚುಬಲ, ಹಾಕಿದ ಬಲವನ್ನು ಪಾನಾದ ಉದ್ದದಿಂದ ಗುಣಿಸಿದಾಗ ಬರುವ ಗುಣಲಬ್ಧ. ಅದರ ಅಳತೆ ನ್ಯೂಟನ್-ಮೀಟರ್. ಬೇಕಾಗಿರುವುದು ಹಿಡಿತದ ಬಲ, ಅಳೆಯಲು ಸಿಗುವುದು ತಿರುಚುಬಲ. ಇವೆರಡರ ನಡುವೆ ಘರ್ಷಣೆ ನಿಂತಿದೆ. ಹಾಕಿದ ತಿರುಚುಬಲದ ಸುಮಾರು ಅರ್ಧ ಭಾಗ ತಿರುಗುವ ನಟ್ಟಿನ ಮುಖದ ಉಜ್ಜಾಟಕ್ಕೂ, ಶೇ 40ರಷ್ಟು ಥ್ರೆಡ್ಡಿನ ಉಜ್ಜಾಟಕ್ಕೂ ಹೋಗಿ, ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ಶೇ 10ರಷ್ಟು ಮಾತ್ರ. ತಲೆಯ ಮೇಲೆ 8.8 ಎಂದು ಗುರುತಿರುವ 10 ಮಿಲಿಮೀಟರ್ ಬೋಲ್ಟನ್ನು ಒಣ ಸ್ಥಿತಿಯಲ್ಲಿ 50 ನ್ಯೂಟನ್-ಮೀಟರ್‌ಗೆ ಬಿಗಿದರೆ ಸುಮಾರು ಎರಡೂವರೆ ಟನ್ ತೂಕಕ್ಕೆ ಸಮನಾದ ಹಿಡಿತ ದೊರೆಯುತ್ತದೆ; ಅದೇ ಬೋಲ್ಟಿಗೆ ಎಣ್ಣೆ ಸವರಿ ಅದೇ ಅಂಕಿಗೆ ಬಿಗಿದರೆ ಹಿಡಿತ ಮೂರು ಟನ್ ದಾಟಿ, ಬೋಲ್ಟು ಶಾಶ್ವತವಾಗಿ ಹಿಗ್ಗುವ ಮಿತಿಯ ಹತ್ತಿರ ಹೋಗುತ್ತದೆ; ತುಕ್ಕು ಹಿಡಿದ ಥ್ರೆಡ್ಡಿನಲ್ಲಿ ಅದೇ ಅಂಕಿ ಎರಡು ಟನ್ನನ್ನೂ ಕೊಡದೆ ಹೋಗಬಹುದು. ಆದ್ದರಿಂದ ಎಣ್ಣೆ ಹಾಕಬೇಕೇ ಬೇಡವೇ ಎಂಬುದನ್ನು ಸೇರಿಸಿ ಹೇಳಿದ ಅಂಕಿಯೇ ಪೂರ್ಣವಾದ ಅಂಕಿ.

ಕೈಅಂದಾಜನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ‘ಬಿಗಿ ಆಗಿದ್ದು ಕೈಗೆ ಗೊತ್ತಾಗತೈತಿ’ ಎನ್ನುವ ಮಿಸ್ತ್ರಿಯ ಮಾತಿನ ಹಿಂದೆ ಅನುಭವವೂ ಇದೆ, ಪಾನಾದ ರಚನೆಯ ಬೆಂಬಲವೂ ಇದೆ. ಪಾನಾ ಮಾಡುವವರು ಅದರ ಗಾತ್ರ ಹೆಚ್ಚಿದಂತೆ ಉದ್ದವನ್ನೂ ಹೆಚ್ಚಿಸಿರುತ್ತಾರೆ. 17ರ ರಿಂಗ್ ಪಾನಾವನ್ನು ಸುಮಾರು 20 ಕಿಲೋ ಬಲದಿಂದ ಎಳೆದರೆ 10 ಮಿಲಿಮೀಟರ್ ಬೋಲ್ಟಿಗೆ 40ರಿಂದ 45 ನ್ಯೂಟನ್-ಮೀಟರ್ ಬೀಳುತ್ತದೆ, ಅದು ಬೇಕಾದ ಅಂಕಿಗೆ ತೀರ ದೂರವೇನಲ್ಲ. ಎಂಜಿನಿಯರಿಂಗ್ ಕೈಪಿಡಿಗಳು ಕೊಡುವ ಸಾಮಾನ್ಯ ಲೆಕ್ಕದಲ್ಲಿಯೂ ಅನುಭವಿಯ ಕೈಅಂದಾಜಿನಿಂದ ಹಿಡಿತದ ಬಲದಲ್ಲಿ ಶೇ 35ರಷ್ಟು ಏರುಪೇರಾದರೆ, ಟಾರ್ಕ್ ರೆಂಚಿನಿಂದ ಶೇ 25ರಷ್ಟು ಏರುಪೇರಾಗುತ್ತದೆ. ಅಂತರ ಇಷ್ಟೇ ಆಗಿದ್ದರೆ ಸಾವಿರಾರು ರೂಪಾಯಿಯ ಸಲಕರಣೆಗಾಗಿ ವಾದ ಹೂಡುವ ಅಗತ್ಯವಿರಲಿಲ್ಲ.

ಆದರೆ ಆ ಲೆಕ್ಕ ಒಬ್ಬನೇ ಅನುಭವಿಯ ಕೈಗೆ ಸಂಬಂಧಿಸಿದ್ದು. ಬೋಲ್ಟಿನ ಗಾತ್ರ ಬದಲಾದಾಗ ಕೈಯ ನಿಜವಾದ ಮಿತಿ ಹೊರಬೀಳುತ್ತದೆ. ಬೇಕಾದ ತಿರುಚುಬಲ ಬೋಲ್ಟಿನ ವ್ಯಾಸದ ಘನದ ಪ್ರಮಾಣದಲ್ಲಿ ಬೆಳೆಯುತ್ತದೆ, ಪಾನಾದ ಉದ್ದ ಮಾತ್ರ ವ್ಯಾಸದಷ್ಟೇ ಬೆಳೆಯುತ್ತದೆ, ಕೈಯ ಬಲವಂತೂ ಬೆಳೆಯುವುದೇ ಇಲ್ಲ. ಹೀಗಾಗಿ 25 ನ್ಯೂಟನ್-ಮೀಟರ್ ಸಾಕಾಗುವ 8 ಮಿಲಿಮೀಟರ್ ಬೋಲ್ಟಿಗೆ ಅದೇ 20 ಕಿಲೋ ಎಳೆತ 30ಕ್ಕೂ ಮಿಕ್ಕಿ ಬೀಳುತ್ತದೆ. ಸುಮಾರು 85 ಬೇಡುವ 12 ಮಿಲಿಮೀಟರ್ ಬೋಲ್ಟಿಗೆ 50ರ ಆಸುಪಾಸಿನಲ್ಲಿ ನಿಲ್ಲುತ್ತದೆ. 135ರಷ್ಟು ಬೇಡುವ 14 ಮಿಲಿಮೀಟರ್ ಬೋಲ್ಟಿಗೆ ಅರ್ಧವನ್ನೂ ಮುಟ್ಟುವುದಿಲ್ಲ. ಅಂದರೆ ಕೈಅಂದಾಜು ಸಣ್ಣ ಬೋಲ್ಟನ್ನು ಅತಿಯಾಗಿ ಬಿಗಿದು ಥ್ರೆಡ್ ಕೀಳುತ್ತದೆ, ಚಾಸಿಯ ದೊಡ್ಡ ಬೋಲ್ಟನ್ನು ಸಡಿಲ ಬಿಡುತ್ತದೆ. ಈ ಕೊರತೆ ಮಿಸ್ತ್ರಿಗಳಿಗೂ ಗೊತ್ತಿರುವುದರಿಂದಲೇ ದೊಡ್ಡ ಬೋಲ್ಟಿಗೆ ಪಾನಾದ ತುದಿಗೆ ಪೈಪು ಸಿಕ್ಕಿಸುವ ರೂಢಿ ಹುಟ್ಟಿದೆ. ಆದರೆ ಒಂದು ಮೀಟರ್ ಪೈಪಿನ ತುದಿಯಲ್ಲಿ ಅದೇ ಎಳೆತ 200 ನ್ಯೂಟನ್-ಮೀಟರ್ ಹತ್ತಿರ ಹೋಗುವುದರಿಂದ, ಅರೆಬಿಗಿಯ ತಪ್ಪು ಅತಿಬಿಗಿಯ ತಪ್ಪಾಗಿ ಬದಲಾಗುತ್ತದೆಯೇ ಹೊರತು ಸರಿಯಾಗುವುದಿಲ್ಲ. ಹೆದ್ದಾರಿ ಬದಿಯ ಟೈರ್ ಅಂಗಡಿಗಳಿಂದ ಗ್ಯಾರೇಜಿಗೂ ಬಂದ ಏರ್ ಗನ್ ಬಿಚ್ಚುವ ಕೆಲಸಕ್ಕೆ ಅತ್ಯುತ್ತಮವಾದದ್ದು. ಬಿಗಿಯುವಾಗ ಮಾತ್ರ ಗಾಳಿಯ ಒತ್ತಡ, ಗುಂಡಿ ಅದುಮಿದ ಕಾಲ ಮತ್ತು ಗೋಟಿಯ (ಸಾಕೆಟ್ಟಿನ) ಸವೆತಕ್ಕೆ ತಕ್ಕಂತೆ ಅದರ ಫಲ ಬದಲಾಗುತ್ತದೆ, ಅನುಭವಿಯ ಕೈಗಿದ್ದ ಸ್ಪರ್ಶಜ್ಞಾನವೂ ಅದಕ್ಕಿಲ್ಲ. ಹಳೆಯ ರೂಢಿಗಿಂತ ಹೊಸದು ಕೆಳಮಟ್ಟದ್ದಾದ ಅಪರೂಪದ ಸಂದರ್ಭಗಳಲ್ಲಿ ಇದೊಂದು.

ತಪ್ಪಿನ ಪರಿಣಾಮ ಹೇಗೆ ಬೇರೆ ಹೆಸರು ಹೊತ್ತು ಬರುತ್ತದೆಂಬುದಕ್ಕೆ ಯು-ಬೋಲ್ಟು ಸ್ಪಷ್ಟ ಉದಾಹರಣೆ. ಯು-ಬೋಲ್ಟುಗಳು ಪ್ಲೇಟುಗಳ ಕಟ್ಟನ್ನು ಆಕ್ಸಲ್ಲಿಗೆ ಒತ್ತಿ ಹಿಡಿದಿರುವವರೆಗೆ ಪ್ಲೇಟಿನ ನಡುಭಾಗ ಬಾಗುವುದಿಲ್ಲ. ಅವು ಸಡಿಲವಾದರೆ ನಡುಭಾಗವೂ ಬಾಗತೊಡಗಿ, ಸೆಂಟರ್ ಬೋಲ್ಟಿಗಾಗಿ ಕೊರೆದ ತೂತಿನ ಬಳಿಯೇ ಪ್ಲೇಟು ಸೀಳುತ್ತದೆ, ಇಲ್ಲವೇ ಸೆಂಟರ್ ಬೋಲ್ಟು ತುಂಡಾಗಿ ಆಕ್ಸಲ್ ಓರೆಯಾಗುತ್ತದೆ. ನಡುತೂತಿನಲ್ಲಿ ಮುರಿದ ಪ್ಲೇಟು ಯು-ಬೋಲ್ಟು ಸಡಿಲವಾಗಿದ್ದುದಕ್ಕೆ ಬಲವಾದ ಸಾಕ್ಷಿ. ಹೀಗಿದ್ದರೂ ದೂರು ಮಾತ್ರ ಓವರ್‌ಲೋಡಿನ ಮೇಲೆ ಬೀಳುತ್ತದೆ; ಚಾಲಕನನ್ನು ಬೈದು, ಹೊಸ ಪ್ಲೇಟು ಹಾಕಿ, ಹಳೆಯ ಹಿಗ್ಗಿದ ಯು-ಬೋಲ್ಟುಗಳನ್ನೇ ಮತ್ತೆ ಅಂದಾಜಿನ ಮೇಲೆ ಬಿಗಿದರೆ ಮುಂದಿನ ಸುಗ್ಗಿಗೆ ಅದೇ ಮುರಿತ ಮರುಕಳಿಸುತ್ತದೆ. ಅತಿಭಾರ ನಿರ್ದೋಷಿಯೆಂದು ಇದರರ್ಥವಲ್ಲ. ಅತಿಭಾರ ಹಾಕುವ ವಾಹನಕ್ಕೆ ಬಿಗಿಯ ಅಳತೆ ಇನ್ನಷ್ಟು ಅಗತ್ಯವೆಂದು ಅರ್ಥ.

ಬಾಡಿ ಬೋಲ್ಟುಗಳ ವಿಷಯ ಇನ್ನೂ ಸೂಕ್ಷ್ಮವಾದದ್ದು. ಅಲ್ಲಿನ ಅನೇಕ ರಬ್ಬರ್ ಬುಷ್‌ಗಳ ನಡುವೆ ಉಕ್ಕಿನ ಒಂದು ಕೊಳವೆಯಿರುತ್ತದೆ; ನಟ್ಟು ಬಿಗಿದಂತೆ ರಬ್ಬರು ಗೊತ್ತುಪಡಿಸಿದಷ್ಟು ಮಾತ್ರ ಕುಗ್ಗಿ, ಆನಂತರ ಕೊಳವೆ ಗಟ್ಟಿಯಾಗಿ ಕುಳಿತು ಬೋಲ್ಟಿನ ಹಿಡಿತವನ್ನು ತಾನು ಹೊರುತ್ತದೆ. ಸವೆದ ಬುಷ್‌ನ ಜಾಗದಲ್ಲಿ ಹಳೆಯ ಟೈರಿನ ತುಂಡು ಕತ್ತರಿಸಿ ಹಾಕುವ ಅಗ್ಗದ ದುರಸ್ತಿಯಲ್ಲಿ ಕೊಳವೆ ಬಿಟ್ಟುಹೋದರೆ, ಎಷ್ಟು ತಿರುಗಿಸಿದರೂ ರಬ್ಬರು ಕುಗ್ಗುತ್ತಲೇ ಹೋಗಿ ಬಿಗಿ ಎಂಬುದು ನೆಲೆ ನಿಲ್ಲುವುದಿಲ್ಲ. ಅಂಥ ಜೋಡಣೆಗೆ ಟಾರ್ಕ್ ರೆಂಚ್ ಹಾಕಿದರೂ ಪ್ರಯೋಜನವಿಲ್ಲ. ಸಡಿಲವಾಗಿ ಓಡಿದ ಬಾಡಿ ಬೋಲ್ಟನ್ನು ಬಿಚ್ಚಿ ನೋಡಿದರೆ ರೋಗದ ಚರಿತ್ರೆ ಅಲ್ಲೇ ಬರೆದಿರುತ್ತದೆ: ವಾಷರಿನ ಸುತ್ತ ಕುಂಕುಮದಂಥ ನವಿರಾದ ಕೆಂಪು ತುಕ್ಕಿನ ಪುಡಿ, ಬೋಲ್ಟಿನ ಕಾಂಡದಲ್ಲಿ ಉಜ್ಜಿ ಹೊಳಪಾದ ಒಂದು ಪಟ್ಟಿ, ಮತ್ತು ದುಂಡಗಿದ್ದುದು ಮೊಟ್ಟೆಯಾಕಾರಕ್ಕೆ ತಿರುಗಿದ ಬ್ರಾಕೆಟ್ಟಿನ ತೂತು. ತೂತು ಈ ಆಕಾರಕ್ಕೆ ಬಂದ ಮೇಲೆ ಬಿಗಿಯುವುದರಿಂದ ಗುಣವಿಲ್ಲ, ಬೆಸುಗೆಯವನ ಬಳಿಗೇ ಹೋಗಬೇಕಾಗುತ್ತದೆ.

ಸಡಿಲವಾಗುವುದನ್ನು ತಡೆಯಲು ಎಲ್ಲೆಡೆ ಬಳಸುವ ಸ್ಪ್ರಿಂಗ್ ವಾಷರಿನ ಬಗೆಗೂ ಮರುಚಿಂತನೆ ಬೇಕು. ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಕಟಿಸಿದ ಪ್ರಯೋಗಗಳು, ಬೋಲ್ಟು ತಾನಾಗಿ ಬಿಚ್ಚಿಕೊಳ್ಳಲು ಮುಖ್ಯ ಕಾರಣ ಅದರ ಉದ್ದಕ್ಕೆ ಬೀಳುವ ಎಳೆತವಲ್ಲ, ಜೋಡಿಸಿದ ಭಾಗಗಳು ಅಡ್ಡಕ್ಕೆ ಜಾರುವ ಚಲನೆ ಎಂದು ತೋರಿಸಿದವು. ಆ ಬಗೆಯ ಪರೀಕ್ಷೆಯಲ್ಲಿ ಸ್ಪ್ರಿಂಗ್ ವಾಷರ್ ಬಹುಮಟ್ಟಿಗೆ ನಿಷ್ಪ್ರಯೋಜಕ. ಜಾರುವಿಕೆಯನ್ನೇ ತಡೆಯುವಷ್ಟು ಹಿಡಿತದ ಬಲವಿದ್ದರೆ ಮಾತ್ರ ನಟ್ಟು ಉಳಿಯುತ್ತದೆ. ಎತ್ತರಕ್ಕೆ ಮೆಣಸಿನಕಾಯಿ ಚೀಲ ಒಟ್ಟಿದ ಪಿಕಪ್ಪಿನ ವಾಲಾಟ ಈ ಪ್ರಯೋಗದ ನಿತ್ಯರೂಪವೇ ಆಗಿರುವುದರಿಂದ, ಬ್ಯಾಡಗಿಯ ಮಾರುಕಟ್ಟೆಗೆ ಓಡುವ ವಾಹನಕ್ಕೆ ವಾಷರಿನ ಭರವಸೆ ಸಾಲದು. ಸರಿಯಾದ ಬಿಗಿ, ಅಗತ್ಯವಿದ್ದೆಡೆ ನೈಲಾನ್ ಉಂಗುರದ ನಟ್ಟು, ಇವೆರಡೂ ಬೇಕು.

ಟಾರ್ಕ್ ರೆಂಚನ್ನು ಮಂತ್ರದಂಡವೆಂದು ಭಾವಿಸುವುದು ಇನ್ನೊಂದು ಬದಿಯ ತಪ್ಪು. ಒಳ್ಳೆಯ ರೆಂಚ್ ಸಾಮಾನ್ಯವಾಗಿ ಶೇ 4ರ ಒಳಗಿನ ವ್ಯತ್ಯಾಸದಲ್ಲಿ ತಿರುಚುಬಲವನ್ನು ಅಳೆಯುತ್ತದೆ, ಆದರೆ ಘರ್ಷಣೆಯನ್ನು ಅಳೆಯುವುದಿಲ್ಲ. ಥ್ರೆಡ್ಡನ್ನು ತಂತಿ ಬ್ರಷ್‌ನಿಂದ ಉಜ್ಜದೆ, ಬಣ್ಣ ಮೆತ್ತಿದ ಮುಖವನ್ನು ಒರೆಸದೆ, ಹೊಂದಿಸಿದ ಅಂಕಿ ಮುಟ್ಟಿ ರೆಂಚ್ ಟಕ್ ಎಂದೊಡನೆ ಕೆಲಸ ಮುಗಿಯಿತೆನ್ನುವುದು ಅಂಕಿಗೆ ಮಾಡಿದ ಗೌರವ ಮಾತ್ರ. ರೆಂಚನ್ನು ಬಿಚ್ಚಲು ಬಳಸುವುದು, ಟಕ್ ಎಂದ ಮೇಲೂ ಭದ್ರತೆಗೆಂದು ಇನ್ನೊಮ್ಮೆ ಎಳೆಯುವುದು, ಅದರೊಳಗಿನ ಸ್ಪ್ರಿಂಗ್ ಬಿಗಿದ ಸ್ಥಿತಿಯಲ್ಲೇ ಕಪಾಟಿನಲ್ಲಿಡುವುದು, ಇವೆಲ್ಲ ಅದರ ಸತ್ಯವನ್ನು ಕೆಡಿಸುತ್ತವೆ. ವರ್ಷಕ್ಕೊಮ್ಮೆ ಅಥವಾ 5,000 ಸಲ ಬಳಸಿದ ಮೇಲೆ ಅದನ್ನು ಪರೀಕ್ಷೆಗೆ ಒಡ್ಡಬೇಕೆಂಬುದು ಸಾಮಾನ್ಯ ನಿಯಮ. ರಬ್ಬರ್ ಬುಷ್ ಇರುವ ಸಸ್ಪೆನ್ಷನ್ ಬೋಲ್ಟುಗಳನ್ನು ವಾಹನ ಜಾಕಿನ ಮೇಲಿರುವಾಗಲೇ ಪೂರ್ತಿ ಬಿಗಿದರೆ, ಅಂಕಿ ಸರಿಯಿದ್ದರೂ ಚಕ್ರ ನೆಲಕ್ಕಿಳಿದೊಡನೆ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. ಸ್ವಚ್ಛತೆ, ಕ್ರಮ, ವಾಹನದ ನಿಲುವು ಮತ್ತು ಅಂಕಿ, ಈ ನಾಲ್ಕೂ ಕೂಡಿದಾಗಲೇ ಅದನ್ನು ಅಳತೆಯ ಬಿಗಿ ಎನ್ನಬಹುದು.

ಈ ಜ್ಞಾನ ರಹಸ್ಯವೇನಲ್ಲ. ಐಟಿಐಗಳ ಎರಡು ವರ್ಷದ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿಯಲ್ಲಿ ಟಾರ್ಕ್ ರೆಂಚಿನ ಪಾಠವಿದೆ. ಕಂಪನಿಗಳ ಸರ್ವಿಸ್ ಕೈಪಿಡಿಗಳಲ್ಲಿ ಮುಖ್ಯ ಬೋಲ್ಟುಗಳ ಅಂಕಿಗಳಿವೆ. ಆದರೆ ಕೈಪಿಡಿ ಹೆಚ್ಚಾಗಿ ಇಂಗ್ಲಿಷಿನಲ್ಲಿದ್ದು ಅಧಿಕೃತ ಸರ್ವಿಸ್ ಕೇಂದ್ರದ ಆಚೆ ಸುಲಭವಾಗಿ ಬರುವುದಿಲ್ಲ, ಮತ್ತು ರಸ್ತೆಬದಿಯ ಗ್ಯಾರೇಜಿನಲ್ಲಿ ಕೆಲಸ ಕಲಿತ ಹುಡುಗನಿಗೆ ಪಾಠವಾಗಿ ದೊರೆಯುವುದು ಗುರುವಿನ ಕೈ ಮಾತ್ರ. ಗಿರಾಕಿಯೂ ಬದಲಾದ ಪ್ಲೇಟಿಗೆ ದುಡ್ಡು ಕೊಡುತ್ತಾನೆ, ಸರಿಯಾಗಿ ಬಿಗಿದ ಬೋಲ್ಟಿಗೆ ಕೊಡುವುದಿಲ್ಲ. ಕಾಣದ ಕೆಲಸಕ್ಕೆ ಕೂಲಿಯಿಲ್ಲದಿದ್ದರೆ ಆ ಕೆಲಸ ಉಳಿಯುವುದೂ ಇಲ್ಲ.

ಒಟ್ಟಿನಲ್ಲಿ, ಕೈಅಂದಾಜಿನ ಈ ರೂಢಿ ಮಧ್ಯಮ ಗಾತ್ರದ ಬೋಲ್ಟಿನಲ್ಲಿ ಒಪ್ಪಬಹುದಾದದ್ದು, ಸಣ್ಣದರಲ್ಲಿ ದುಂದಿನದು, ದೊಡ್ಡದರಲ್ಲಿ ಅಪಾಯಕಾರಿ. ಸುಧಾರಣೆಗೆ ಬೇಕಾದ ಮುಖ್ಯ ಸಲಕರಣೆ ಹಲವು ಗ್ಯಾರೇಜುಗಳ ಕಪಾಟಿನಲ್ಲಿ ಆಗಲೇ ಇದೆ. ತಾವು ಹೆಚ್ಚಾಗಿ ದುರಸ್ತಿ ಮಾಡುವ ನಾಲ್ಕಾರು ವಾಹನಗಳ ಬಾಡಿ, ಚಾಸಿ ಮತ್ತು ಯು-ಬೋಲ್ಟುಗಳ ಅಂಕಿಗಳನ್ನು ಕನ್ನಡದಲ್ಲಿ ಗೋಡೆಯ ಮೇಲೆ ಬರೆದಿಡುವುದು, ಬಿಗಿದ ನಟ್ಟಿಗೆ ಬಣ್ಣದ ಗೆರೆ ಎಳೆದು ಅದು ಸರಿದಿದೆಯೇ ಎಂದು ಮುಂದಿನ ಸಲ ನೋಡುವುದು, ಹೊಸ ಯು-ಬೋಲ್ಟುಗಳನ್ನು ಸ್ವಲ್ಪ ದೂರ ಓಡಿದ ಮೇಲೆ ಮರುಬಿಗಿಯಲು ವಾಹನವನ್ನು ಮತ್ತೆ ಕರೆಸುವುದು, ಇಷ್ಟನ್ನು ಗ್ಯಾರೇಜುಗಳು ಮಾಡಬಹುದು. ವಾಹನದ ಮಾಲೀಕರು ಮಾಡಬೇಕಾದದ್ದು ಇನ್ನೂ ಸುಲಭ: ಮೆಣಸಿನಕಾಯಿ ಸುಗ್ಗಿ ಆರಂಭವಾಗುವ ಮೊದಲು, ಡಿಸೆಂಬರಿನಲ್ಲಿಯೇ, ವಾಹನವನ್ನು ಗ್ಯಾರೇಜಿಗೆ ಒಯ್ದು ಚಾಸಿಯ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕೆಂದು ಕೇಳಬೇಕು, ಮತ್ತು ಆ ಕೆಲಸಕ್ಕೆ ಪ್ರತ್ಯೇಕ ಕೂಲಿ ಕೊಡಬೇಕು.