ಏಟು ತಿಂದವನ ಮುಖ: ಬಾಕ್ಸಿಂಗ್ ಚಿತ್ರಗಳ ಅಭಿನಯವನ್ನು ಕುರಿತು

ಬಾಕ್ಸಿಂಗನ್ನು ವಸ್ತುವಾಗಿ ಉಳ್ಳ ಚಲನಚಿತ್ರವೊಂದು ತೆರೆಗೆ ಬರುವ ಮೊದಲೇ ಅದರ ನಾಯಕನಟನ ದೇಹದ ಸುದ್ದಿ ಊರೆಲ್ಲ ಹಬ್ಬಿರುತ್ತದೆ. ಆತ ಎಷ್ಟು ತಿಂಗಳು ಕಸರತ್ತು ಮಾಡಿದ, ಎಷ್ಟು ತೂಕ ಇಳಿಸಿದ, ಏನು ಉಂಡ, ಏನು ಬಿಟ್ಟ ಎಂಬ ವಿವರಗಳನ್ನು ನಾವೆಲ್ಲ ಆಸಕ್ತಿಯಿಂದ ಓದುತ್ತೇವೆ. ಚಿತ್ರ ಬಿಡುಗಡೆಯಾದ ಮೇಲೆ 'ಅದ್ಭುತ ಅಭಿನಯ' ಎಂಬ ಮೆಚ್ಚುಗೆಗೂ ಈ ವಿವರಗಳೇ ಆಧಾರವಾಗುತ್ತವೆ. ಶ್ರಮವನ್ನು ಗೌರವಿಸುವುದು ಸರಿಯೇ. ಆದರೆ ಶ್ರಮವನ್ನೇ ಅಭಿನಯವೆಂದು ಬಗೆದರೆ ಅಭಿನಯವನ್ನು ಅಳೆಯುವ ಕೋಲನ್ನೇ ನಾವು ಕಳೆದುಕೊಂಡಂತಾಗುತ್ತದೆ.

ನಮ್ಮ ಪರಂಪರೆ ಈ ವಿಷಯದಲ್ಲಿ ಗೊಂದಲಕ್ಕೆ ಎಡೆಗೊಟ್ಟಿಲ್ಲ. ಭರತಮುನಿಯ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ವೇಷಭೂಷಣ, ಬಣ್ಣಗಾರಿಕೆ ಇವೆಲ್ಲ ಆಹಾರ್ಯ. ಕುಂಬಳೆಯ ಪಾರ್ತಿಸುಬ್ಬನ ನೆಲದವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೆಂಕುತಿಟ್ಟಿನ ಬಣ್ಣದ ವೇಷಧಾರಿ ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತು ಮುಖದ ಮೇಲೆ ಚುಟ್ಟಿ ಇಡುತ್ತಾನೆ. ಆ ತಾಳ್ಮೆ ದೊಡ್ಡದು. ಆದರೂ ಚುಟ್ಟಿಯನ್ನು ನೋಡಿಯೇ ಅವನ ರಾವಣ ಗೆದ್ದನೆಂದು ಯಾವ ಪ್ರೇಕ್ಷಕನೂ ತೀರ್ಪು ಕೊಡುವುದಿಲ್ಲ. ತೆರೆ ಸರಿದ ಮೇಲೆ ಕಾಣುವುದೇನು ಎಂದು ಕಾಯುತ್ತಾನೆ. ಬಾಕ್ಸಿಂಗ್ ಚಿತ್ರದ ನಟನ ಮಾಂಸಖಂಡಗಳೂ ಚುಟ್ಟಿಯ ಜಾತಿಗೇ ಸೇರಿದವು ಎಂಬುದು ನಮ್ಮ ಅಭಿಪ್ರಾಯ.

ಈ ಮಾತಿಗೆ ಮೊದಲ ಪರೀಕ್ಷೆ ಮಾರ್ಟಿನ್ ಸ್ಕಾರ್ಸೆಸಿ ನಿರ್ದೇಶಿಸಿದ 1980ರ 'ರೇಜಿಂಗ್ ಬುಲ್'. ಜೇಕ್ ಲಮೋಟ ಎಂಬ ನಿಜಜೀವನದ ಮುಷ್ಟಿಪಟುವಿನ ಕಥೆ ಇದು. ಆತನ ಇಳಿಗಾಲವನ್ನು ಅಭಿನಯಿಸಲು ರಾಬರ್ಟ್ ಡಿ ನೀರೊ ಸುಮಾರು 27 ಕಿಲೋ ತೂಕ ಏರಿಸಿಕೊಂಡರು. ಅದಕ್ಕಾಗಿ ಚಿತ್ರೀಕರಣವನ್ನು ಕೆಲವು ತಿಂಗಳು ನಿಲ್ಲಿಸಲಾಯಿತು. ಇಂದು ಎಲ್ಲರೂ ನೆನೆಯುವುದು ಆ ತೂಕವನ್ನೇ. ಆದರೆ ಚಿತ್ರದಲ್ಲಿ ಹೊಡೆದಾಟಕ್ಕೆ ಸಿಕ್ಕಿರುವ ಕಾಲ ಅತ್ಯಲ್ಪ. ಉಳಿದುದೆಲ್ಲ ಅಡುಗೆಮನೆ, ಮಲಗುವ ಕೋಣೆ, ಹೋಟೆಲಿನ ಮೇಜು. ಹೆಂಡತಿ ಯಾರನ್ನೋ ನೋಡಿ ನಕ್ಕಳೆಂಬ ಶಂಕೆ ಜೇಕನ ಕಣ್ಣಿನಲ್ಲಿ ಮೂಡಿ, ಮಾತು ಹೊರಡುವ ಮೊದಲೇ ಆ ಕಣ್ಣು ಕಲ್ಲಾಗುವುದನ್ನು ಡಿ ನೀರೊ ತೋರಿಸುವ ಕ್ಷಣಗಳಿಗೆ ಯಾವ ತೂಕವೂ ಬೇಕಿರಲಿಲ್ಲ. ಮುಂದೆ ಸೆರೆಮನೆಯ ಕತ್ತಲಲ್ಲಿ ಒಂಟಿಯಾಗಿ ನಿಂತು ಗೋಡೆಗೆ ಗುದ್ದಿ ಗುದ್ದಿ ಅಳುವಾಗ, ಜೀವಮಾನವಿಡೀ ಎದುರಾಳಿಯನ್ನು ಹುಡುಕಿದವನಿಗೆ ಗೋಡೆಯೊಂದೇ ಉಳಿಯಿತೆಂಬುದು ನಮಗೆ ಹೊಳೆಯುತ್ತದೆ. ಅಲ್ಲಿ ಮುಖವೂ ಸರಿಯಾಗಿ ಕಾಣುವುದಿಲ್ಲ. ಇದು ಸಾತ್ವಿಕ. ಆಹಾರ್ಯ ಅದಕ್ಕೆ ದಾರಿ ಮಾಡಿಕೊಟ್ಟಿತು, ಅಷ್ಟೆ.

ಇದಕ್ಕೆ ನಾಲ್ಕು ವರ್ಷ ಮೊದಲು ಬಂದ 'ರಾಕಿ' (1976) ಜನಪ್ರಿಯ ಚಿತ್ರವೆಂಬ ಕಾರಣಕ್ಕೇ ವಿಮರ್ಶಕರ ಉಪೇಕ್ಷೆಗೆ ಗುರಿಯಾಗುತ್ತದೆ. ಇದು ನ್ಯಾಯವಲ್ಲ. ಸಿಲ್ವೆಸ್ಟರ್ ಸ್ಟಲೋನ್ ತಾವೇ ಚಿತ್ರಕಥೆ ಬರೆದು ಅಭಿನಯಿಸಿದ ಈ ಚಿತ್ರದ ನಾಯಕ ಕೊನೆಗೆ ಗೆಲ್ಲುವುದಿಲ್ಲ ಎಂಬುದನ್ನು ಅನೇಕರು ಮರೆತಿದ್ದಾರೆ. ಪಂದ್ಯದ ಹಿಂದಿನ ರಾತ್ರಿ ಆತ ತನ್ನ ಏಡ್ರಿಯನ್‌ಳ ಪಕ್ಕದಲ್ಲಿ ಮಲಗಿ, ಗೆಲ್ಲಲಾರೆ, ಆದರೆ 15 ಸುತ್ತುಗಳ ಕೊನೆಯವರೆಗೆ ನಿಂತಿರಬೇಕು ಎಂಬ ಆಸೆಯನ್ನು ತೋಡಿಕೊಳ್ಳುತ್ತಾನೆ. ಇನ್ನೊಂದು ದೃಶ್ಯದಲ್ಲಿ, ಮೊದಲು ತನ್ನನ್ನು ಕಡೆಗಣಿಸಿದ್ದ ಮುದಿ ತರಬೇತುದಾರ ಈಗ ಅವಕಾಶ ಬಂದಾಗ ಮನೆಬಾಗಿಲಿಗೆ ಬರುತ್ತಾನೆ. ರಾಕಿ ಅವನನ್ನು ಬರಿಗೈಯಲ್ಲಿ ಕಳಿಸಿ, ಬಾಗಿಲು ಮುಚ್ಚಿದ ಮೇಲೆ ವರ್ಷಗಳ ಸಂಕಟವನ್ನೆಲ್ಲ ಗೋಡೆಗೆ ಕೂಗಿ ಹೇಳುತ್ತಾನೆ. ಬಳಿಕ ಓಡಿಹೋಗಿ ಬೀದಿಯಲ್ಲಿ ಅವನ ಕೈ ಹಿಡಿಯುತ್ತಾನೆ. ಆ ಸಂಧಾನವನ್ನು ಕ್ಯಾಮೆರಾ ದೂರದಿಂದ ನೋಡುತ್ತದೆ. ಒಂದು ಮಾತೂ ನಮಗೆ ಕೇಳಿಸದು. ಕೂಗಿನಲ್ಲಿ ನಟ ತೋರಿದ ಧೈರ್ಯಕ್ಕಿಂತ ಈ ದೂರದ ಮೌನದಲ್ಲಿ ತೋರಿದ ಸಂಯಮ ಹಿರಿದು.

ದೇಹ ಮತ್ತು ಅಭಿನಯಗಳ ಸಂಬಂಧವನ್ನು ಕೊನೆಯ ಅಂಚಿಗೆ ಒಯ್ದ ಚಿತ್ರ ಕ್ಲಿಂಟ್ ಈಸ್ಟ್‌ವುಡ್ ಅವರ 'ಮಿಲಿಯನ್ ಡಾಲರ್ ಬೇಬಿ' (2004). ಮ್ಯಾಗಿಯ ಪಾತ್ರಕ್ಕಾಗಿ ಹಿಲರಿ ಸ್ವಾಂಕ್ ತಿಂಗಳುಗಟ್ಟಲೆ ತರಬೇತಿ ಪಡೆದು ದೇಹವನ್ನು ಹುರಿಗೊಳಿಸಿದರು. ಆದರೆ ಚಿತ್ರದ ಕೊನೆಯ ಭಾಗದಲ್ಲಿ ಮ್ಯಾಗಿ ಕತ್ತು ಮುರಿದು ಆಸ್ಪತ್ರೆಯ ಹಾಸಿಗೆಗೆ ಅಂಟಿಕೊಳ್ಳುತ್ತಾಳೆ. ಗಳಿಸಿದ ದೇಹವನ್ನು ಕಥೆಯೇ ಕಸಿದುಕೊಳ್ಳುತ್ತದೆ. ನಟಿಗೆ ಉಳಿಯುವುದು ಕಣ್ಣು, ತುಟಿ, ಕುಗ್ಗಿದ ದನಿ. ಆಸ್ತಿಯ ಆಸೆಯಿಂದ ಬಾಯಿಗೆ ಪೆನ್ನು ಕೊಟ್ಟು ಸಹಿ ಮಾಡಿಸಲು ಬಂದ ತಾಯಿಯನ್ನು ಅವಳು ನೋಡುವ ನೋಟದಲ್ಲಿ ಇಡೀ ಚಿತ್ರದ ಅತಿ ಬಲವಾದ ಏಟು ಇದೆ. ನಮ್ಮ ತಾಳಮದ್ದಳೆಯಲ್ಲಿ ಅರ್ಥಧಾರಿ ಗದೆಯಿಲ್ಲದೆ, ಗೆಜ್ಜೆಯಿಲ್ಲದೆ, ಕುಳಿತಲ್ಲೇ ಕುರುಕ್ಷೇತ್ರವನ್ನು ಕಟ್ಟುವುದನ್ನು ಕಂಡವರಿಗೆ ಈ ಅಭಿನಯದ ಬೆಲೆ ಬೇಗ ತಿಳಿಯುತ್ತದೆ.

ಹತ್ತಿರಕ್ಕೆ ಬಂದರೆ, ಪಾ. ರಂಜಿತ್ ನಿರ್ದೇಶನದ ತಮಿಳು ಚಿತ್ರ 'ಸಾರ್ಪಟ್ಟ ಪರಂಬರೈ' (2021) ನಮ್ಮ ಕಾಲದ ಮುಖ್ಯ ಸಾಧನೆ. 1970ರ ದಶಕದ ಉತ್ತರ ಮದರಾಸು, ತುರ್ತುಪರಿಸ್ಥಿತಿಯ ಕಾಲ. ಆರ್ಯ ಅಭಿನಯಿಸಿದ ಕಬಿಲನ್ ಕಣದಲ್ಲೇ ಅವಮಾನಿತನಾಗಿ, ಸೆರೆಮನೆ ಕಂಡು, ಕುಡಿತಕ್ಕೆ ಬಿದ್ದು, ಹೊಟ್ಟೆ ಬಂದ ದೇಹವನ್ನು ಎಳೆದುಕೊಂಡು ನಡೆಯುವಾಗ ಮೊದಲಿನ ಕಟ್ಟುಮಸ್ತು ಮೈಯ ನೆನಪೇ ನಮಗೆ ನೋವಾಗುತ್ತದೆ. ಇಲ್ಲಿ ದೇಹ ಪ್ರದರ್ಶನಕ್ಕಿಲ್ಲ, ಕಥೆ ಹೇಳುವುದಕ್ಕಿದೆ. ಶಬೀರ್ ಕಲ್ಲರಕ್ಕಲ್ ಅವರ 'ಡ್ಯಾನ್ಸಿಂಗ್ ರೋಸ್' ಪಾತ್ರದ ಹೆಜ್ಜೆಗಾರಿಕೆಯಂತೂ ನಿಜವಾದ ಆಂಗಿಕಾಭಿನಯ. ಕುಣಿಯುತ್ತ ಎದುರಾಳಿಯನ್ನು ಹಂಗಿಸುವ ಆ ಕಾಲುಗಳಲ್ಲೇ ಒಬ್ಬ ಮನುಷ್ಯನ ಹೆಮ್ಮೆ, ಹಾಸ್ಯ, ಘನತೆ ಎಲ್ಲವೂ ಇವೆ. ಗುರು ರಂಗನ್ ಪಾತ್ರದ ಪಶುಪತಿ ಬಹುಮಟ್ಟಿಗೆ ಕಣದ ಹೊರಗೆ ನಿಂತು ನೋಡುತ್ತಾರೆ. ಶಿಷ್ಯನ ಮೇಲೆ ಬಿದ್ದ ಏಟು ಅವರ ಮುಖದಲ್ಲಿ ಬಾಸುಂಡೆಯಾಗಿ ಏಳುತ್ತದೆ. ಬಾಕ್ಸಿಂಗಿನಿಂದಲೇ ಗಂಡನನ್ನು ಕಳೆದುಕೊಂಡೆನೆಂದು ನಂಬಿ ಮಗನನ್ನು ತಡೆಯುವ ತಾಯಿಯಾಗಿ ಕನ್ನಡದ ನಟಿ ಅನುಪಮಾ ಕುಮಾರ್ ತೋರುವ ಸಿಟ್ಟಿನ ತಳದಲ್ಲಿ ಇರುವುದು ಭಯ. ಆ ಭಯವನ್ನು ಅವರು ಎಲ್ಲಿಯೂ ಬಾಯಿಬಿಟ್ಟು ಕಾಡಿಬೇಡುವ ಮಟ್ಟಕ್ಕೆ ಇಳಿಸಿಲ್ಲ.

ಇದರ ಪಕ್ಕದಲ್ಲಿ ನಮ್ಮದೇ 'ಪೈಲ್ವಾನ್' (2019) ಚಿತ್ರವನ್ನಿಟ್ಟು ನೋಡಿದಾಗ ನಮಗೆ ಬೇಸರವಾಗುತ್ತದೆ. ಎಸ್. ಕೃಷ್ಣ ನಿರ್ದೇಶನದ ಈ ಚಿತ್ರದ ನಾಯಕ ಗರಡಿಯ ಕುಸ್ತಿಯಲ್ಲಿ ಬೆಳೆದು ಬಾಕ್ಸಿಂಗಿಗೆ ಬರುತ್ತಾನೆ. ಎಂತಹ ಸೊಗಸಾದ ಸಂದರ್ಭ! ಕುಸ್ತಿಯವನು ಎದುರಾಳಿಯನ್ನು ಅಪ್ಪಿ ಹಿಡಿಯಬೇಕು. ಬಾಕ್ಸಿಂಗಿನವನು ದೂರ ಕಾಯ್ದುಕೊಳ್ಳಬೇಕು. ಮಣ್ಣಿನಲ್ಲಿ ಕಲಿತ ಮೈ ಆ ಕಲಿಕೆಯನ್ನೇ ಮರೆಯಬೇಕಾದ ಸಂಕಟವನ್ನು ಸುದೀಪ್ ಅವರಂತಹ ಸಮರ್ಥ ನಟ ಖಂಡಿತವಾಗಿ ತೋರಬಲ್ಲರು. ಸಾಕಿದ ಗುರುವಿನೆದುರು ತಲೆತಗ್ಗಿಸಿ ನಿಲ್ಲುವ ದೃಶ್ಯಗಳಲ್ಲಿ ಅವರ ಆ ಶಕ್ತಿ ಕಾಣುತ್ತದೆ. ಆದರೆ ಚಿತ್ರವು ಅಂತಹ ಕ್ಷಣಗಳನ್ನು ಬೇಗ ದಾಟಿ, ನಿಧಾನಗತಿಯಲ್ಲಿ ದೇಹವನ್ನು ಮೆರೆಸುವುದಕ್ಕೆ ಹೊರಡುತ್ತದೆ. ಸೋಲುವನೆಂಬ ಭಯವೇ ನಮಗೆ ಹುಟ್ಟದ ನಾಯಕನ ಗೆಲುವಿನಲ್ಲಿ ವೀರರಸ ಹೇಗೆ ಹುಟ್ಟೀತು? ಇದು ನಟನ ಕೊರತೆಯಲ್ಲ, ಆತನ ಮುಖಕ್ಕಿಂತ ಮೈಯನ್ನು ನಂಬಿದವರ ಕೊರತೆ.

ಹಾಗಾದರೆ ದೇಹದ ತರಬೇತಿ ವ್ಯರ್ಥವೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಸುಧಾ ಕೊಂಗರ ನಿರ್ದೇಶಿಸಿದ 'ಇರುದಿ ಸುಟ್ರು' (2016) ಚಿತ್ರದಲ್ಲಿ, ನಿಜಜೀವನದಲ್ಲೂ ಕ್ರೀಡಾಪಟುವಾದ ರಿತಿಕಾ ಸಿಂಗ್ ಕಣಕ್ಕೆ ಇಳಿದಾಗ ಅವರ ಭುಜ ಸುಳ್ಳು ಹೇಳುವುದಿಲ್ಲ. ಗುದ್ದಲು ಬಾರದ ಕೈ ಎಲ್ಲ ಭಾವವನ್ನೂ ಕೆಡಿಸೀತು. ತರಬೇತಿ ಅಭಿನಯದ ಹೊಸ್ತಿಲು. ಹೊಸ್ತಿಲಲ್ಲೇ ನಿಂತವರನ್ನು ಮನೆಯೊಳಗಿನವರೆಂದು ಹೇಳಲಾಗದು. 'ಮೇರಿ ಕೋಮ್' (2014) ಚಿತ್ರಕ್ಕಾಗಿ ಪ್ರಿಯಾಂಕಾ ಚೋಪ್ರಾ ಕಷ್ಟಪಟ್ಟು ತರಬೇತಿ ಪಡೆದದ್ದು ನಿಜ. ಆದರೆ ಮಣಿಪುರದ ಮಗಳ ಪಾತ್ರಕ್ಕೆ ಆ ಸೀಮೆಯ ನಟಿಯೊಬ್ಬಳು ಸಿಗಲಿಲ್ಲವೇ ಎಂಬ ಪ್ರಶ್ನೆ ಆಗಲೇ ಎದ್ದಿತು. ಕಸರತ್ತಿನಿಂದ ತೋಳು ಬರುತ್ತದೆ, ಊರು ಬರುವುದಿಲ್ಲ. ನಮ್ಮ ಗಡಿನಾಡಿನ ಕನ್ನಡವನ್ನು ಸಿನಿಮಾ ಮಂದಿ ನಗೆಚಾಟಿಕೆಯ ಸರಕಾಗಿ ಬಳಸುವುದನ್ನು ಕೇಳಿದ ನಮಗೆ, ವಾಚಿಕವನ್ನು ಕಡೆಗಣಿಸಿದ ಅಭಿನಯ ಯಾರನ್ನು ನೋಯಿಸುತ್ತದೆಂಬುದು ಚೆನ್ನಾಗಿ ಗೊತ್ತು.

ವೃತ್ತಿಪರ ಬಾಕ್ಸಿಂಗಿನಲ್ಲಿ ಪ್ರತಿ ಸುತ್ತಿಗೆ ಮೂರು ನಿಮಿಷ, ಎರಡು ಸುತ್ತುಗಳ ನಡುವೆ ಒಂದು ನಿಮಿಷದ ಬಿಡುವು. ಮೂರು ನಿಮಿಷದ ಹೊಡೆದಾಟವನ್ನು ಸಾಹಸ ನಿರ್ದೇಶಕ, ಛಾಯಾಗ್ರಾಹಕ, ಸಂಕಲನಕಾರ ಎಲ್ಲರೂ ಸೇರಿ ಕಟ್ಟಿಕೊಡಬಲ್ಲರು. ಮೂಲೆಯ ಮಣೆಯ ಮೇಲೆ ಕುಳಿತು ಉಸಿರು ಹಿಡಿಯುವ ಆ ಒಂದು ನಿಮಿಷದಲ್ಲಿ ನಟ ಒಂಟಿ. ಊದಿದ ಕಣ್ಣಿನಿಂದ ಆತ ಗುರುವನ್ನು ನೋಡುವುದು ಹೇಗೆ, ಮುಂದಿನ ಗಂಟೆ ಬಾರಿಸಿದಾಗ ಏಳುವುದು ಹೇಗೆ ಎಂಬುದನ್ನು ನಮ್ಮ ಮಕ್ಕಳಿಗೂ ಗಮನಿಸಲು ಕಲಿಸೋಣ. ಯಕ್ಷಗಾನದ ಪ್ರೇಕ್ಷಕರಾಗಿ ನಮ್ಮ ಹಿರಿಯರು ಬೆಳೆಸಿಕೊಂಡ ಕಣ್ಣು ಅದು. ಸಿನಿಮಾಕ್ಕೂ ಅದೇ ಸಾಕು.