ಸೌಧಶಬ್ದಾರ್ಥವಿಚಾರ

ಸೌಧವೆಂದರೆ ಉನ್ನತವಾದ ಕಟ್ಟಡವೆಂದು ಪಾಠಶಾಲೆಗಳಲ್ಲಿ ಅರ್ಥ ಹೇಳುವುದುಂಟು. ಆದರೆ ಶಬ್ದದ ಅವಯವಗಳಲ್ಲಿ ಔನ್ನತ್ಯವನ್ನು ಸೂಚಿಸುವ ಅಂಶವು ಒಂದೂ ಇಲ್ಲ. ಸುಧಾಶಬ್ದಕ್ಕೆ ಅಮೃತವೆಂಬಂತೆಯೇ ಸುಣ್ಣದ ಗಾರೆಯೆಂಬ ಅರ್ಥವೂ ಉಂಟು. ಅದಕ್ಕೆ ಅಣ್ ಪ್ರತ್ಯಯವು ಬಂದು ಆದಿವೃದ್ಧಿಯಾಗಲು ಸೌಧವೆಂದಾಯಿತು. ಆದುದರಿಂದ ಗಾರೆ ಬಳಿದು ಬೆಳ್ಳಗೆ ಮಾಡಿದ ಮನೆಯೆಂಬುದೇ ಯೌಗಿಕಾರ್ಥವು.

ಈ ವ್ಯುತ್ಪತ್ತಿಯನ್ನು ಹಿಡಿದು, ಬೆಂಗಳೂರಿನಲ್ಲಿ 1956ರಲ್ಲಿ ಪೂರ್ಣವಾದ ಕಟ್ಟಡವನ್ನು ವಿಧಾನಸೌಧವೆಂದದ್ದು ಅಸಾಧುವೆಂದು ಆಕ್ಷೇಪಿಸಬಹುದು. ಅದರ ಹೊರಮೈ ಕಣಶಿಲೆಯದು, ಸುಧಾಲೇಪವಿಲ್ಲ. ಈ ಆಕ್ಷೇಪವು ನಿಲ್ಲದು. ಅಮರಸಿಂಹನು ಹರ್ಮ್ಯವನ್ನು ಧನಿಕರಿಗೂ ಪ್ರಾಸಾದವನ್ನು ದೇವತೆಗಳಿಗೂ ಅರಸರಿಗೂ ಹೇಳಿ, ಸೌಧಕ್ಕೆ ರಾಜಸದನವೆಂದು ಅರ್ಥವನ್ನು ಕೊಟ್ಟಿದ್ದಾನೆ. ಲೇಪದ ನಿಯಮವನ್ನು ಹೇಳಿಲ್ಲ. ಮಂಡಪಶಬ್ದಕ್ಕೆ ಗಂಜಿಯ ತಿಳಿಯನ್ನು ಕುಡಿಯುವವನೆಂಬ ಯೌಗಿಕಾರ್ಥವಿದ್ದರೂ ಎಲ್ಲರೂ ಕಟ್ಟಡವನ್ನೇ ತಿಳಿಯುತ್ತಾರೆ. ಯೋಗಕ್ಕಿಂತ ರೂಢಿಯೇ ಬಲವತ್ತರವು.

ಇನ್ನು ಔನ್ನತ್ಯವನ್ನೇ ಮುಖ್ಯಾರ್ಥವೆಂದರೆ, ಹಿಂದೆ ಮಿನಿ ವಿಧಾನಸೌಧಗಳೆನಿಸಿದ್ದ ತಾಲ್ಲೂಕು ಕೇಂದ್ರಗಳ ಕಟ್ಟಡಗಳಿಗೆ ಸೌಧವೆಂಬ ಹೆಸರು ಹೊಂದದು. ಅವುಗಳಲ್ಲಿ ಅನೇಕವು ಒಂದೆರಡು ಅಂತಸ್ತಿನವು ಮಾತ್ರ. ಮುಗಿಲು ಮುಟ್ಟುವ ವಸತಿಗೃಹಗಳನ್ನಾದರೋ ಜನರು ಗಗನಚುಂಬಿಗಳೆನ್ನುತ್ತಾರೆ. ಆದ್ದರಿಂದ ಇಂದಿನ ಪ್ರಯೋಗದಲ್ಲಿ ನಿಂತಿರುವುದು ಸುಣ್ಣವೂ ಅಲ್ಲ, ಎತ್ತರವೂ ಅಲ್ಲ. ಆಳ್ವಿಕೆಯ ಮನೆಯೆಂಬ ಅಮರೋಕ್ತಾರ್ಥವೇ. ರಾಜನ ಸ್ಥಾನಕ್ಕೆ ಪ್ರಜೆಗಳು ಬಂದರೆಂಬುದಿಷ್ಟೇ ಭೇದವು.

ಕಾವ್ಯಪಾಠದಲ್ಲಿ ಮಾತ್ರ ಯೌಗಿಕಾರ್ಥವನ್ನು ಬಿಡಲಾಗದು. ಸೌಧಗಳು ಬೆಳುದಿಂಗಳಲ್ಲಿ ಹೊಳೆಯುವ ವರ್ಣನೆ ಬಂದಾಗ ‘ಎತ್ತರದ ಮನೆ’ ಎಂದು ಹೇಳಿ ಮುಂದೆ ಹೋದರೆ, ಅಲ್ಲಿಯ ಬಿಳುಪು ವಿದ್ಯಾರ್ಥಿಗೆ ದಕ್ಕದೆ ಹೋಗುವುದು.